ಬ್ರೇಕ್ ಇನ್ಸ್‌ಪೆಕ್ಟ್ರು ಬಗ್ಗಿ ನೋಡದ ಗಾಡಿ

ಹೋದ ವಾರ ಕೃಷ್ಣಮೂರ್ತಿಪುರಂನ ನಮ್ಮ ಹಳೆಯ ಬೀದಿಯಿಂದ ಫೋನು ಬಂತು. "ಬ್ರೇಕ್ ಇನ್ಸ್‌ಪೆಕ್ಟ್ರು ಹೋಗ್ಬುಟ್ರು ಕಣಮ್ಮ. ಮಧ್ಯಾಹ್ನ ಎತ್ತುತಾರಂತೆ. ನೀನು ಬರ್ತೀಯಲ್ಲ?" ಎಂದು ಪಕ್ಕದ ಮನೆಯ ಹೆಂಗಸು ಕೇಳಿದರು. ನಾನು ಬರುವುದಿಲ್ಲ ಎಂದೆ. "ನಿಮ್ಮಪ್ಪನಿಗೆ ಅಷ್ಟು ಬೇಕಾದೋರು..." ಎಂದು ರಾಗ ಎಳೆದರು. ಹೌದಮ್ಮ ತಾಯಿ, ಬೇಕಾದವರೇ. ಅದೇ ತಾನೇ ನನ್ನ ಸಂಕಟ! ಗೊತ್ತಿಲ್ಲದವರು ಯಾರೋ ಮೋಸ ಮಾಡಿದ್ದರೆ ಬಾಯಿತುಂಬ ಬೈದು ಮರೆತುಬಿಡುತ್ತಿದ್ದೆ.

ಹಾಗಂತ ಅವರು ಕೆಟ್ಟವರಾಗಿದ್ದರು ಎಂದು ಬರೆದು ಕೈ ತೊಳೆದುಕೊಳ್ಳಲೂ ನನ್ನಿಂದ ಆಗುವುದಿಲ್ಲ. ಅವರು ಕೆಟ್ಟವರಾಗಿರಲಿಲ್ಲ.

ಮೋಟಾರು ವಾಹನಗಳ ತಪಾಸಣೆ ಮಾಡುವ ಅಧಿಕಾರಿಗೆ ಸರ್ಕಾರದವರು ಉದ್ದನೆಯ ಹೆಸರೊಂದನ್ನು ಇಟ್ಟಿದ್ದಾರೆ. ಜನರಿಗೆ ಮಾತ್ರ ಬ್ರೇಕ್ ಇನ್ಸ್‌ಪೆಕ್ಟ್ರೇ. ಬೀದಿಗೆಲ್ಲ ಅವರು ಬ್ರೇಕ್ ಇನ್ಸ್‌ಪೆಕ್ಟ್ರು, ಎದುರುಮನೆಯವರಾದ್ದರಿಂದ ನನಗೆ ಮಾವ. ನರಸೀಪುರದ ಕಡೆಯ ಒಕ್ಕಲು ಮನೆತನದವರು. ಊರಿನ ಮಾತನ್ನು ಅವರ ಬಾಯಿಂದ ಬಿಡಿಸಲು ಯಾವ ಕಚೇರಿಗೂ ಆಗಲಿಲ್ಲ. ಆಳೆತ್ತರದ ಮನುಷ್ಯ. ಸ್ಕೂಟರಿನ ಮುಂದೆ ಸದಾ ಮಡಿಸಿಟ್ಟ ಒಂದು ಗೋಣಿಚೀಲ, ಅದರೊಳಗೆ ಒಂದು ಪುಟ್ಟ ಸುತ್ತಿಗೆ. ಗೋಣಿಯನ್ನು ನೆಲಕ್ಕೆ ಹಾಸಿ, ಇಸ್ತ್ರಿ ಮಾಡಿದ ಖಾಕಿಯಲ್ಲೇ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿಕೊಂಡುಬಿಡುತ್ತಿದ್ದರು. ಒಳಗಿನಿಂದ ಟಣ್ ಟಣ್ ಎಂದು ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಗಟ್ಟಿ ತಗಡಾದರೆ ಟಣ್. ಎಲ್ಲಾದರೂ ಡೊಬ್ ಎಂದಿತೋ, ಹೊರಗೆ ನಿಂತ ಗಾಡಿ ಯಜಮಾನನ ಮುಖ ಬಿಳಿಚಿಕೊಳ್ಳುತ್ತಿತ್ತು. ಡೊಬ್ ಎಂದರೆ ಬಣ್ಣದ ಹಿಂದೆ ತುಕ್ಕು, ತುಕ್ಕಿನ ಹಿಂದೆ ಏನೂ ಇಲ್ಲ.

"ಮೇಲ್ಗಡೆ ಬಣ್ಣ ನೋಡಿ ಏನು ಮಾಡ್ತೀಯ? ಬಗ್ಗಿ ನೋಡ್ದೆ ಗಾಡಿ ಗೊತ್ತಾಗಕಿಲ್ಲ ಕಣಮ್ಮಯ್ಯ," ಎನ್ನುತ್ತಿದ್ದರು.

ಎಫ್‌ಸಿ ಎಂದರೆ ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟು. ಅದನ್ನು ಕೊಡುವ ಮೈದಾನದ ಆಚೆ ಆಗ ಒಂದು ದಂಧೆ ಇತ್ತು. ಬೋಳು ಟೈರಿನ ಗಾಡಿಯವರು ತಪಾಸಣೆಯ ದಿನದ ಮಟ್ಟಿಗೆ ಒಳ್ಳೆಯ ಟೈರುಗಳನ್ನು ಬಾಡಿಗೆಗೆ ತಂದು ಹಾಕಿಕೊಳ್ಳುವುದು, ಪಾಸಾಗಿ ಹೊರಗೆ ಬಂದ ತಕ್ಷಣ ಬಿಚ್ಚಿ ವಾಪಸ್ ಕೊಡುವುದು. ಒಂದೇ ಜೊತೆ ಟೈರು ಬೆಳಗಿನಿಂದ ಸಂಜೆಯೊಳಗೆ ಎಷ್ಟು ಗಾಡಿಗಳನ್ನು ಪಾಸು ಮಾಡಿಸುತ್ತಿತ್ತೋ ಆ ಶಿವನೇ ಬಲ್ಲ. ಮಾವ ಟೈರು ನೋಡುತ್ತಲೇ ಇರಲಿಲ್ಲ, ಚಕ್ರದ ನಟ್ಟು ನೋಡುತ್ತಿದ್ದರು. ಈಗ ತಾನೇ ಸ್ಪ್ಯಾನರ್ ಹಾಕಿ ತಿರುಗಿಸಿದ ನಟ್ಟಿನ ಅಂಚು ಹೊಳೆಯುತ್ತದಂತೆ. "ಬಾಡ್ಗೆದಾ? ಓಗು, ನಿಂದೇ ಆಕ್ಕಂಡ್ ಬಾ," ಎಂದು ಪುಸ್ತಕ ಮುಚ್ಚಿ ಮುಂದಿನ ಗಾಡಿಗೆ ಹೋಗಿಬಿಡುತ್ತಿದ್ದರು. ಏಜೆಂಟರು ಅವರ ಡ್ಯೂಟಿ ಯಾವತ್ತು ಎಂದು ವಿಚಾರಿಸಿಕೊಂಡು, ಆ ದಿನ ಬಿಟ್ಟು ಬೇರೆ ದಿನ ಗಾಡಿ ತರುತ್ತಿದ್ದರು.

ನಮ್ಮಪ್ಪನಿಗೆ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಮಂಡಿ ಇತ್ತು. ಮನೆಯಲ್ಲಿ ಬೆಲ್ಲದ ಬಣ್ಣದ್ದೇ ಒಂದು ಹಳೇ ಕಾರು. ಮೂತಿ ದುಂಡು, ಬಾಗಿಲು ಭಾರ, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಅಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಅದನ್ನು ಒರೆಸುತ್ತಿದ್ದರು. ಅಮ್ಮ ಇದ್ದಾಗ, "ಆ ಗಾಡಿಗೆ ಒರೆಸುವಷ್ಟು ಸಲ ಮಕ್ಕಳ ಮೂಗು ಒರೆಸಿದ್ದರೆ ಎಷ್ಟೋ ಆಗಿತ್ತು," ಎಂದು ರೇಗಿಸುತ್ತಿದ್ದಳು.

ತೊಂಬತ್ತರ ದಶಕದ ಮೊದಲಿಗೆ ಆ ಕಾರನ್ನು ಎಫ್‌ಸಿಗೆ ಒಯ್ದಾಗ ನೆರೆಮನೆಯವರೇ ಅಧಿಕಾರಿ ಎಂಬ ಧೈರ್ಯ ನಮಗೆಲ್ಲ. ಮಾವ ಗೋಣಿ ಹಾಸಿ ಮಲಗಿದರು. ಎದ್ದು ಬಂದಾಗ ಒಂದೊಂದಾಗಿ ಹೇಳುತ್ತಾ ಹೋದರು: ಮುಂದಿನ ಚಕ್ರದ ಕಿಂಗ್ ಪಿನ್ ಸವೆದು ಆಡುತ್ತಿದೆ, ಎಡಗಡೆ ಬಾಗಿಲ ಕೆಳಗೆ ತಗಡು ಡೊಬ್ ಎನ್ನುತ್ತಿದೆ, ಹ್ಯಾಂಡ್ ಬ್ರೇಕು ಹೆಸರಿಗೆ ಮಾತ್ರ, ಬ್ರೇಕಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆ. "ಹಳೇ ಗಾಡಿಗೆಲ್ಲ ಇದೇ ಕಾಯಿಲೆ ಯಜಮಾನ್ರೇ. ಎಲ್ಲಾ ಮಾಡಿಸ್ಕಂಡ್ ಬನ್ನಿ. ಪೆಡ್ಲು ಒಂದ್ಸಲ ತುಳುದ್ರೆ ನಿಲ್ಬೇಕು. ಎರಡ್ಸಲ ತುಳುದ್ರೆ ನಿಲ್ತದೆ ಅನ್ನೋ ಗಾಡಿ ಗಾಡಿಯೇ ಅಲ್ಲ," ಎಂದು ಫೇಲು ಮಾಡಿ ಕಳಿಸಿದರು.

ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ನಮ್ಮಪ್ಪ ಮಂಡಿಯಲ್ಲಿ ಕಂಡಕಂಡವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದರು. "ಎದುರುಮನೆಯವರು ಕಣ್ರೀ! ನಮ್ಮನೆ ಹಬ್ಬಕ್ಕೆ ಊಟ ಮಾಡೋರು. ನನ್ನ ಗಾಡೀನೇ ಫೇಲ್ ಮಾಡಿದ್ರು! ಅಂಥೋರು ಇರ್ಬೇಕು ಕಣ್ರೀ." ಎಲ್ಲ ಸರಿಮಾಡಿಸಿ ಮತ್ತೆ ಒಯ್ದು ಪಾಸು ಮಾಡಿಸಿಕೊಂಡ ದಿನ ಇಡೀ ಬೀದಿಗೆ ಮೈಸೂರುಪಾಕು ಹಂಚಿದರು.

ಇನ್ನೊಂದು ಸಂಗತಿ ಹೇಳಲೇಬೇಕು. ಇಲ್ಲದಿದ್ದರೆ ಆ ಮನುಷ್ಯನ ಮೇಲೆ ನನಗಿದ್ದ ನಂಬಿಕೆ ನಿಮಗೆ ಅರ್ಥವಾಗುವುದಿಲ್ಲ. ನನಗೆ ಒಂದು ಗಂಡು ನೋಡಲು ಹೋದಾಗ ಅಪ್ಪ ಮಾವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಹುಡುಗ ನೋಡಲು ಚೆನ್ನಾಗಿದ್ದ, ಮಾತೂ ಚೆನ್ನಾಗಿತ್ತು. ಎಲ್ಲರೂ ನಡುಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರೆ, ಮಾವ ಕೈ ತೊಳೆಯುವ ನೆವದಲ್ಲಿ ಹಿತ್ತಿಲಿಗೆ ಹೋಗಿ ಅಲ್ಲಿ ಪಾತ್ರೆ ಉಜ್ಜುತ್ತಿದ್ದ ಹೆಂಗಸಿನ ಜೊತೆ ಹರಟೆ ಹೊಡೆದು ಬಂದರು. ದಾರಿಯಲ್ಲಿ ಕಾರಿನೊಳಗೆ ಹೇಳಿದ್ದು ಒಂದೇ ಮಾತು: "ಯಜಮಾನ್ರೇ, ಈ ಗಾಡಿ ಫೇಲು. ಕುಡುದ್ಬುಟ್ಟು ಅವ್ವನ್ ಮೇಲೇ ಕೈ ಮಾಡ್ತಾನಂತೆ." ಅಪ್ಪ ಮನೆಗೆ ಬಂದು ಅದನ್ನು ಹೇಳಿದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಕ್ಕರೂ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನನ್ನನ್ನು ಬಾವಿಗೆ ಬೀಳದಂತೆ ತಡೆದವರು ಅವರು. ಅಷ್ಟನ್ನು ಇಲ್ಲವೆಂದರೆ ನನ್ನ ನಾಲಿಗೆ ಸೇದಿಹೋಗಲಿ.

ಅಪ್ಪನ ನಂಬಿಕೆಯ ರೀತಿಯೇ ಬೇರೆ. ಅದು ಮಂಡಿಯ ರೀತಿ. ಹೊಸಬರು ತಂದ ಬೆಲ್ಲವಾದರೆ ಮೂಟೆ ಬಿಚ್ಚಿ, ಅಚ್ಚು ಒಡೆದು, ನಾಲಿಗೆಗೆ ಇಟ್ಟು, ಮಣ್ಣಿದೆಯೋ ಉಪ್ಪಿದೆಯೋ ನೋಡುತ್ತಿದ್ದರು. ನಂಬಿದ ರೈತ ತಂದು ಇಳಿಸಿದರೆ ಮಾತ್ರ ಮೂಟೆಗೆ ಕೈಯನ್ನೇ ಹಚ್ಚುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಅವನ ಮುಖಕ್ಕೆ ಹೊಡೆದ ಹಾಗೆ ಎನ್ನುತ್ತಿದ್ದರು. ಒಂದು ಸಲ ನಂಬಿದವರನ್ನು ಮತ್ತೆ ಪರೀಕ್ಷೆ ಮಾಡುವುದು ಅವರ ಪಾಲಿಗೆ ಅವಮರ್ಯಾದೆ.

ಆ ಪಾಸಾದ ಎಫ್‌ಸಿಯ ಅವಧಿ ಮುಗಿದು ಮತ್ತೆ ಮಾಡಿಸುವ ಹೊತ್ತಿಗೆ ಅಮ್ಮ ತೀರಿಕೊಂಡಿದ್ದಳು. ಕಾರಿನ ಬ್ರೇಕು ಸ್ವಲ್ಪ ಮೆತ್ತಗಾಗಿತ್ತು. ಮಂಡಿಯ ಪಕ್ಕದ ಗ್ಯಾರೇಜಿನವರು, "ಹಿಂದಿನ ಚಕ್ರದ ಬ್ರೇಕ್ ಸಿಲಿಂಡರ್ ಬಿಚ್ಚಿ ರಬ್ಬರೆಲ್ಲ ಬದಲಾಯಿಸಿಬಿಡೋಣ ಸ್ವಾಮಿ, ಆಯಿಲ್ ಜಿನುಗೋ ಹಾಗಿದೆ," ಎಂದಿದ್ದರು. ಅಪ್ಪ, "ಎಫ್‌ಸಿಗೆ ಹೋಗ್ತಾ ಇದೀನಲ್ಲಪ್ಪ. ಅವರು ನೋಡಿ ಹೇಳಿದ್ರೆ ಮಾಡಿಸೋಣ," ಎಂದರು. ನನಗೂ ಅದು ಸರಿ ಎನ್ನಿಸಿತು. ಅವರ ಕಣ್ಣಿಗಿಂತ ದೊಡ್ಡ ಗ್ಯಾರೇಜು ಮೈಸೂರಿನಲ್ಲಿ ಎಲ್ಲಿತ್ತು?

ಅವತ್ತು ಮೈದಾನದಲ್ಲಿ ಲಾರಿ, ಟೆಂಪೋಗಳ ಸಾಲು ಗೇಟಿನಾಚೆಗೂ ಇತ್ತು. ಸುಡು ಬಿಸಿಲು. ಮಾವ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಿದ್ದರು. ನಮ್ಮ ಸರದಿ ಬಂತು. ನಾನು ಅವರ ಸ್ಕೂಟರಿನಿಂದ ಗೋಣಿ ತರಲು ಹೊರಟೆ. "ಬ್ಯಾಡ ಬುಡಮ್ಮಯ್ಯ, ಸ್ವಾಂಟ ಇಡ್ಕಂಡದೆ," ಎಂದು ನಕ್ಕರು. ಅಪ್ಪನ ಕಡೆ ತಿರುಗಿ, "ನಿಮ್ ಗಾಡಿ ನಾನು ನೋಡ್ಬೇಕಾ ಯಜಮಾನ್ರೇ? ದಿನಾ ಬೆಳಗ್ಗೆ ಅದ್ರ ಸದ್ದು ಕೇಳ್ಕಂಡೇ ಏಳ್ತೀನಲ್ಲ," ಎಂದು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಬಿಟ್ಟರು.

ಅಪ್ಪನ ಮುಖ ನೋಡಬೇಕಿತ್ತು. ನಂಬಿದ ರೈತನ ಮೂಟೆಯನ್ನು ತಾವು ಬಿಚ್ಚದೆ ತೆಗೆದುಕೊಂಡ ಹಾಗೆ, ತಮ್ಮ ಗಾಡಿಯನ್ನು ಆ ಕಟ್ಟುನಿಟ್ಟಿನ ಮನುಷ್ಯ ಬಗ್ಗಿ ನೋಡದೆ ಒಪ್ಪಿಕೊಂಡರಲ್ಲ! ಯಾವ ಸನ್ಮಾನದಲ್ಲೂ ಅಪ್ಪ ಅಷ್ಟು ಹಿಗ್ಗಿದ್ದನ್ನು ನಾನು ಕಾಣೆ. ಗ್ಯಾರೇಜಿನವರು ಮತ್ತೆ ಸಿಲಿಂಡರಿನ ಮಾತೆತ್ತಿದಾಗ, "ಅವರು ಪಾಸು ಮಾಡಿದ ಮೇಲೆ ಇನ್ನೇನು ಬಿಚ್ಚೋದು? ಸುಮ್ನಿರಪ್ಪ," ಎಂದು ಗದರಿ ಕಳಿಸಿದರು.

ಕೆಲವು ತಿಂಗಳು ಕಳೆದವು. ಮೈಸೂರಿನದೇ ಹೆಬ್ಬಾಳ ಬಡಾವಣೆಯಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶ ಮುಗಿಸಿಕೊಂಡು ನಾನೂ ಅಪ್ಪನೂ ವಾಪಸ್ ಬರುತ್ತಿದ್ದೆವು. ಫ್ಯಾಕ್ಟರಿಗಳು ಶಿಫ್ಟ್ ಬಿಟ್ಟ ಹೊತ್ತು. ರಸ್ತೆಯ ಪಕ್ಕ ಬಸ್ಸು ನಿಂತಿತ್ತು, ಜನ ಹತ್ತುತ್ತಿದ್ದರು. ಅಪ್ಪ ಬ್ರೇಕು ತುಳಿದರು. ಕಾರು ನಿಲ್ಲಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ, ನೋಡಿದೆ, ನನ್ನ ಎರಡು ಕಣ್ಣಿನಿಂದ ನೋಡಿದೆ. ಅಪ್ಪನ ಬಲಗಾಲು ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಿತ್ತು, ಪೆಡಲು ನೆಲಕ್ಕೆ ಹೋಗಿ ಹೋಗಿ ಕೂರುತ್ತಿತ್ತು. ಹ್ಯಾಂಡ್ ಬ್ರೇಕು ಎಳೆದರು. ಕಾರು ಅಡ್ಡ ತಿರುಗಿ, ಬಸ್ಸು ಹತ್ತಲು ಓಡಿ ಬರುತ್ತಿದ್ದ ಒಬ್ಬ ಕಾರ್ಮಿಕನನ್ನು ಬಸ್ಸಿಗೆ ಒತ್ತಿಬಿಟ್ಟಿತು.

ಶಿವನ ದಯೆ, ಜೀವ ಉಳಿಯಿತು. ಕಾಲು ಮುರಿಯಿತು. ಅಪ್ಪ ಅವನು ಆಸ್ಪತ್ರೆಯಿಂದ ಬರುವವರೆಗೂ ದಿನಾ ಬುತ್ತಿ ಹೊತ್ತುಕೊಂಡು ಹೋದರು. ಅವನಿಗಿಂತ ಹೆಚ್ಚು ಅತ್ತವರು ಅಪ್ಪನೇ.

ಪೊಲೀಸು ಕೇಸಾಯಿತು. ಅಪಘಾತವಾದ ಗಾಡಿಯನ್ನು ಬ್ರೇಕ್ ಇನ್ಸ್‌ಪೆಕ್ಟರು ಬಂದು ನೋಡಿ, ಗಾಡಿಯ ದೋಷವೋ ಡ್ರೈವರಿನ ದೋಷವೋ ಎಂದು ಬರೆದುಕೊಡಬೇಕು. ಅದು ಪದ್ಧತಿ. ಬಂದವರು ಯಾರು? ನಮ್ಮ ಮಾವನೇ. ಠಾಣೆಯ ಹಿಂದಿನ ಬಯಲಿನಲ್ಲಿ ಅವರನ್ನು ಕಂಡು ನನಗೆ ಹೋದ ಜೀವ ಬಂದ ಹಾಗಾಯಿತು. ಇನ್ನು ಹೆದರಿಕೆಯಿಲ್ಲ, ಇವರು ಬಗ್ಗಿ ನೋಡುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾರೆ ಎಂದುಕೊಂಡೆ.

ಅವತ್ತು ಅವರು ಬಗ್ಗಿ ನೋಡಿದರು. ಗೋಣಿ ಹಾಸಿದರು, ಕೆಳಗೆ ತೂರಿದರು, ಹಿಂದಿನ ಚಕ್ರದ ಒಳಮೈ ಮುಟ್ಟಿ ಬೆರಳು ಮೂಸಿ ನೋಡಿದರು. ಬ್ರೇಕಿನ ಆಯಿಲ್ ಅಲ್ಲೆಲ್ಲ ಒದ್ದೆಯಾಗಿತ್ತು. ಆಮೇಲೆ ಒಳಗೆ ಕೂತು ಪೆಡಲು ತುಳಿದರು. ಅದು ಮೆತ್ತಗೆ ನೆಲಕ್ಕೆ ಹೋಗಿ ಕೂತಿತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಇಬ್ಬರೂ ಪೆಡಲನ್ನು ನೋಡಿದೆವು. ಆಮೇಲೆ ಅವರು ನನ್ನ ಮುಖ ನೋಡಿದರು.

"ನೋಡಿದ್ರಾ ಮಾವ? ಬ್ರೇಕೇ ಇರ್ಲಿಲ್ಲ," ಎಂದೆ.

"ನೀನು ಮನೆಗೋಗಮ್ಮಯ್ಯ," ಎಂದರು.

ವರದಿ ಬಂತು. ಕಾಲು ಬ್ರೇಕು ಸರಿಯಿದೆ, ಕೈ ಬ್ರೇಕು ಸರಿಯಿದೆ, ಅಪಘಾತ ವಾಹನದ ದೋಷದಿಂದ ಆದದ್ದಲ್ಲ. ಕೆಳಗೆ ಅದೇ ಸಹಿ.

ನಾನು ಚಪ್ಪಲಿ ಕೂಡ ಮೆಟ್ಟದೆ ಎದುರುಮನೆಗೆ ಓಡಿದೆ. ಮಾವ ಜಗುಲಿಯ ಮೇಲೆ ಪೇಪರು ಓದುತ್ತಿದ್ದರು. "ಮಾವ, ಇದೇನಿದು? ನಿಮ್ಮ ಕಾಲಿನಿಂದಲೇ ತುಳಿದು ನೋಡಿದ್ರಲ್ಲ!" ಎಂದು ಕಿರುಚಿದೆ. ಅವರು ಪೇಪರು ಮಡಿಸಿದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ.

"ಈಗ ನಾಕೈದ್ ತಿಂಗ್ಳ ಇಂದೆ ನಾನೇ ಪಾಸ್ ಮಾಡಿವ್ನಿ ಕಣವ್ವ. ಬ್ರೇಕ್ ಇರ್ನಿಲ್ಲ ಅಂತ ಈಗ ಬರುದ್ರೆ, ಅವತ್ತು ಏನ್ ನೋಡ್ದೆ ಅಂತ ನನ್ನೇ ಕೇಳ್ತಾರೆ. ಕೆಲ್ಸ ಓಯ್ತದೆ. ನಿಮ್ಮಪ್ಪಂಗೆ ಏನಾಯ್ತದೆ ಯೋಳು? ವಯಸ್ಸಾದೋರು, ಯಾಮಾರುದ್ರು ಅಂತ ದಂಡ ಆಕಿ ಬುಟ್ಬುಡ್ತಾರೆ."

"ಹಾಗಾದ್ರೆ ಅವತ್ತು ಯಾಕೆ ಬಗ್ಗಿ ನೋಡ್ಲಿಲ್ಲ?"

"ನಿಮ್ ಗಾಡಿ ಅಂತ," ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಊರಿನವರ ಡಕೋಟ ಲಾರಿಗಳನ್ನೆಲ್ಲ ಅಂಗಾತ ಮಲಗಿ ನೋಡಿದ ಮನುಷ್ಯ, ಪ್ರೀತಿ ಇದ್ದ ಮನೆಯ ಗಾಡಿಯನ್ನು ಮಾತ್ರ ನೋಡಲಿಲ್ಲ. ಆ ಪ್ರೀತಿಯ ಬೆಲೆಯನ್ನು ನಮ್ಮಪ್ಪನ ತಲೆಗೆ ಕಟ್ಟಿದರು.

ವಕೀಲರು ಹೇಳಿದ್ದು, ಇನ್ಸ್‌ಪೆಕ್ಟರನ್ನು ಕಟಕಟೆಗೆ ಕರೆದು ಪ್ರಶ್ನೆ ಮಾಡೋಣ, ಬೇರೆ ಮೆಕ್ಯಾನಿಕ್ಕಿನಿಂದ ಗಾಡಿ ಬಿಚ್ಚಿಸಿ ತೋರಿಸೋಣ ಎಂದು. ಅಪ್ಪ ಕೇಳಲಿಲ್ಲ. ಅಪ್ಪ ಮಾಡಿದ ಯೋಚನೆಯೇ ಬೇರೆ. ನಾನು ನೂರು ಸಲ ಹೇಳಿದೆ: "ಅಪ್ಪ, ನಿಮ್ಮ ಕಾಲು ಬ್ರೇಕಿನ ಮೇಲೇ ಇತ್ತು, ಪೆಡಲು ನೆಲಕ್ಕೆ ಹೋಯ್ತು, ನಾನು ನೋಡಿದೆ. ಠಾಣೆಯಲ್ಲಿ ಅವರು ತುಳಿದಾಗಲೂ ಹಾಗೇ ಹೋಯ್ತು."

"ನೀನು ಮಗಳು. ನನ್ನ ಪರ ಹೇಳ್ತೀಯ," ಎಂದರು ಅಪ್ಪ. "ಅವರಿಗೆ ಸುಳ್ಳು ಬರೆಯೋಕೆ ಏನಾಗಿದೆ? ನನ್ನ ಗಾಡೀನ ಎದುರಿಗೇ ಫೇಲು ಮಾಡಿದ ಮನುಷ್ಯ. ಅವರು ಬ್ರೇಕ್ ಇತ್ತು ಅಂದ ಮೇಲೆ ಇತ್ತು. ನಾನು ತುಳಿದೆ ಅಂದುಕೊಂಡೆ. ತುಳಿದಿಲ್ಲ. ಗಾಬರಿಯಲ್ಲಿ ಪಕ್ಕದ್ದನ್ನ ತುಳಿದಿದ್ದೀನಿ."

ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ದಂಡ ಕಟ್ಟಿದರು. ಠಾಣೆಯಿಂದ ಬಿಡಿಸಿಕೊಂಡ ಕಾರನ್ನು ಮನೆಗೂ ತರದೆ ಸೀದಾ ಗುಜರಿಗೆ ಹಾಕಿಸಿದರು. ಒಂದೇ ಒಂದು ಸಲ ಆ ಸಿಲಿಂಡರು ಬಿಚ್ಚಿಸಿ ನೋಡಿ ಎಂದು ನಾನು ಕಾಲು ಹಿಡಿದುಕೊಂಡರೂ ಒಪ್ಪಲಿಲ್ಲ.

ದಂಡ ಹಾಕಿ ಬಿಟ್ಟುಬಿಡುತ್ತಾರೆ ಎಂದರಲ್ಲ ಮಾವ, ಕಾನೂನೇನೋ ಬಿಟ್ಟಿತು. ಅಪ್ಪನಿಗೆ ಅಪ್ಪನ ಮೇಲಿನ ನಂಬಿಕೆಯೇ ಹೋಯಿತು. ಮಂಡಿಯಲ್ಲಿ ಬೆಲ್ಲ ನಾಲಿಗೆಗೆ ಇಟ್ಟು, "ಉಪ್ಪಿದೆಯಾ? ನೀವೇ ನೋಡಿ, ನನಗೆ ತಿಳೀತಿಲ್ಲ," ಎಂದು ಪಕ್ಕದವರಿಗೆ ಕೊಡಲು ಶುರುಮಾಡಿದರು. ಇಡೀ ಮೊಹಲ್ಲಾದಲ್ಲಿ ಅವರ ನಾಲಿಗೆಗೆ ಎದುರು ಮಾತಿರಲಿಲ್ಲ! ಒಂದೆರಡು ವರ್ಷದಲ್ಲಿ ಅಂಗಡಿಯನ್ನು ಪಾಲುದಾರರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತರು. ಕೂತಲ್ಲೇ ಬಲಗಾಲನ್ನು ಎತ್ತಿ ನೆಲಕ್ಕೆ ಒತ್ತಿ ನೋಡುತ್ತಿದ್ದರು. ನಾನು ಕಂಡರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಮಾವನ ನಡೆಯಲ್ಲಿ ಏನೂ ಬದಲಾಗಲಿಲ್ಲ. ಹಬ್ಬಕ್ಕೆ ಕಡುಬು ಕಳಿಸುತ್ತಿದ್ದರು. ನನ್ನ ಮದುವೆಗೆ ಮುಂದೆ ನಿಂತು ಬಡಿಸಿದರು. ಬೀದಿಯ ಸ್ಕೂಲ್ ಆಟೋ ನಿಲ್ಲಿಸಿ, "ಬಲಗಡೆ ಇಂಡಿಕೇಟ್ರು ಉರೀತಿಲ್ಲ ಕಣೋ," ಎಂದು ಗದರುವುದನ್ನೂ ಬಿಡಲಿಲ್ಲ. ನಿವೃತ್ತಿಯ ದಿನ ಅವರಿಗೆ ದೊಡ್ಡ ಹಾರ ಹಾಕಿದರಂತೆ, ಕಳಂಕವಿಲ್ಲದ ಸೇವೆ ಎಂದರಂತೆ. ಅಪ್ಪ ಮೈಯಲ್ಲಿ ಆಗದಿದ್ದರೂ ಹೋಗಿ ಶಾಲು ಹೊದಿಸಿ ಬಂದರು. ನಾನು ಹೋಗಲಿಲ್ಲ.

ಎರಡು ಸಾವಿರದ ನಂತರ ಅಪ್ಪ ಹಾಸಿಗೆ ಹಿಡಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ನಾಚಿಕೆ ಬಿಟ್ಟು ಮಾವನ ಮನೆಗೆ ಹೋದೆ.

"ಮಾವ, ನಿಮಗೆ ನಿವೃತ್ತಿಯಾಯ್ತು. ಕೇಸು ಮುಗಿದು ಯಾವ ಕಾಲವಾಯ್ತು. ನಾನು ಯಾರಿಗೂ ಹೇಳಲ್ಲ, ಎಲ್ಲೂ ಬರೆಸಿಕೊಳ್ಳಲ್ಲ. ಅಪ್ಪನ ಕಿವಿಯಲ್ಲಿ ಒಂದು ಮಾತು ಹೇಳಿ. ಅವತ್ತು ಬ್ರೇಕ್ ಇರ್ಲಿಲ್ಲ ಅನ್ನಿ. ನಾನು ಹೇಳಿದ್ರೆ ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ. ಅವರು ಕಾಲು ನೋಡಿಕೊಂಡೇ ಸಾಯೋದು ಬೇಡ ಮಾವ."

ಅವರ ಕಣ್ಣಲ್ಲಿ ನೀರು ಬಂತು. ನಾನು ಕಂಡೆ. "ಬತ್ತೀನಿ ನಡಿಯವ್ವ," ಎಂದು ಅಂಗಿ ಹಾಕಿಕೊಂಡು ನನ್ನ ಹಿಂದೆಯೇ ಬಂದರು.

ಅಪ್ಪನ ಹಾಸಿಗೆಯ ಅಂಚಿನಲ್ಲಿ ಕೂತರು. ಅಪ್ಪನಿಗೆ ಅವರನ್ನು ಕಂಡು ಮುಖದಲ್ಲಿ ಕಳೆ ಬಂತು. ಬೆಲ್ಲದ ಧಾರಣೆ, ನರಸೀಪುರದ ನಾಲೆ ನೀರು, ಅವರ ಮೊಮ್ಮಗನ ಶಾಲೆ ಎಂದು ಮಾತು ಎಲ್ಲೆಲ್ಲೋ ಹೋಯಿತು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ಅವರು ಹೇಗೆ ಶುರುಮಾಡುತ್ತಾರೋ ಎಂದು ಕಾಯುತ್ತಿದ್ದೆ. ಶುರುಮಾಡುವ ಕಷ್ಟವನ್ನೂ ಅಪ್ಪ ಅವರಿಗೆ ಕೊಡಲಿಲ್ಲ.

"ಇನ್ಸ್‌ಪೆಕ್ಟ್ರೇ, ಒಂದು ಕೇಳ್ತೀನಿ," ಎಂದರು. "ಆ ಹೆಬ್ಬಾಳದ ದಿನ ನನ್ನ ಕಾಲು ಬ್ರೇಕಿನ ಮೇಲೆ ಇತ್ತು ಅಂತ ಇವಳು ಹೇಳ್ತಾನೇ ಇರ್ತಾಳೆ. ಗಾಡಿ ನೋಡಿದೋರು ನೀವು. ನೀವು ಹೇಳಿ. ಬ್ರೇಕ್ ಇತ್ತು ತಾನೇ?"

ಮಾವ ನನ್ನ ಕಡೆ ನೋಡಲಿಲ್ಲ. ಹೊದಿಕೆಯ ಮೇಲಿನಿಂದ ಅಪ್ಪನ ಕಾಲು ಸವರಿದರು. ಬಹಳ ಹೊತ್ತು ಸವರಿದರು.

"ಇತ್ತು ಯಜಮಾನ್ರೇ," ಎಂದರು. "ವಯಸ್ಸು ಯಾರ್ನ ಬುಟ್ಟದೆ? ಮನಸ್ಗೆ ಅಚ್ಕಬ್ಯಾಡಿ."

"ಮಾವ!" ಎಂದು ಕೂಗಿದೆ. ಅಪ್ಪ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. ಅವರ ಕಣ್ಣಂಚಿನಿಂದ ನೀರು ದಿಂಬಿಗೆ ಇಳಿಯುತ್ತಿತ್ತು.

"ಎಲ್ಲರೂ ನನ್ನ ಸಮಾಧಾನಕ್ಕೆ ಒಂದೊಂದು ಹೇಳ್ತಾರೆ," ಎಂದರು ಅಪ್ಪ. "ನನ್ನ ಮಗಳೂ ಹೇಳ್ತಾಳೆ. ಸಾಯೋ ಮನುಷ್ಯನ ಎದುರು ನೀವೊಬ್ಬರಾದ್ರೂ ನಿಜ ಹೇಳಿದ್ರಲ್ಲ, ಅಷ್ಟು ಸಾಕು."

ಹಾಗೆಂದು ಎರಡೂ ಕೈಗಳನ್ನು ಹೊದಿಕೆಯಿಂದ ಈಚೆ ತೆಗೆದು ಜೋಡಿಸಿದರು. ಮಾವ ಆ ಮುಗಿದ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.